ಬ್ರೇಕಣ್ಣನ ಬಲಗಾಲು ಮತ್ತು ಏಕರೂಪ ವೇಗೋತ್ಕರ್ಷ

ಡ್ರೈವಿಂಗ್ ಸ್ಕೂಲಿನ ಬ್ರೇಕಣ್ಣನ ಬಗ್ಗೆ ಹೇಳುವ ಮೊದಲು ಅವನ ಬಲಗಾಲಿನ ಬಗ್ಗೆ ಹೇಳಿಬಿಡುವುದು ಒಳ್ಳೆಯದು. ಅವನಿಗಿಂತ ಅದೇ ಹೆಚ್ಚು ಚುರುಕು, ಅದೇ ಹೆಚ್ಚು ಪ್ರಸಿದ್ಧ. ಹುಟ್ಟಿದಾಗ ಅವನಿಗೂ ಒಂದು ಹೆಸರು ಇಟ್ಟಿದ್ದರು. ಆ ಹೆಸರು ಯಾವುದೆಂದು ಈಗ ಅವನ ಅಕ್ಕನೂ ಒಂದು ಕ್ಷಣ ಯೋಚಿಸಿ ಹೇಳುವ ಸ್ಥಿತಿಗೆ ಬಂದಿತ್ತು.

ಕಾರು ಕಲಿಸುವ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ. ಮೇಷ್ಟ್ರಿಗೆ ಸ್ಟೇರಿಂಗ್ ಇಲ್ಲ, ಹಾರನ್ ಇಲ್ಲ, ಆಕ್ಸಿಲರೇಟರ್ ಅಂತೂ ಇಲ್ಲವೇ ಇಲ್ಲ. ಒಬ್ಬ ಮನುಷ್ಯನಿಗೆ ಇಪ್ಪತ್ತು ವರ್ಷ ಎಲ್ಲವನ್ನೂ ನಿಲ್ಲಿಸುವ ಅಧಿಕಾರ ಮಾತ್ರ ಕೊಟ್ಟು, ಯಾವುದನ್ನೂ ಓಡಿಸುವ ಅಧಿಕಾರ ಕೊಡದಿದ್ದರೆ ಅವನು ಏನಾಗುತ್ತಾನೋ ಬ್ರೇಕಣ್ಣ ಅದೇ ಆಗಿದ್ದ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕೆಳಗೆ ಅವನ ಕಾಲು ಒತ್ತುತ್ತಿತ್ತು. ಸಿನಿಮಾದಲ್ಲಿ ನಾಯಕ ಕುದುರೆ ಓಡಿಸಿದರೆ ಒತ್ತುತ್ತಿತ್ತು. ಕ್ಷೌರಿಕನ ಕತ್ತಿ ಸ್ವಲ್ಪ ಅವಸರದಿಂದ ಕೆನ್ನೆಯ ಕಡೆ ಬಂದರೂ ಒತ್ತುತ್ತಿತ್ತು. ಅಂಗಡಿಯ ಕಾಲುಮಣೆ ಎರಡು ಸಲ ಮುರಿದ ಮೇಲೆ ಕ್ಷೌರಿಕ ಅವನನ್ನು ಮರದ ಸ್ಟೂಲಿನ ಮೇಲೆ ಕೂರಿಸತೊಡಗಿದ.

ಮನೆಯಲ್ಲೂ ಬಿಡುವಿರಲಿಲ್ಲ. ಮಹಡಿಯ ಮೇಲಿನ ಎರಡು ಕೋಣೆ, ಕಿಟಕಿಯ ಬಳಿ ಒಂದು ಕುರ್ಚಿ, ಕೆಳಗೆ ರಸ್ತೆ. ಸಂಜೆ ಯಾವನಾದರೂ ಮೋಟಾರ್ ಸೈಕಲ್ಲಿನವನು ತಿರುವಿನಲ್ಲಿ ಜೋರಾಗಿ ಬಂದರೆ ಬ್ರೇಕಣ್ಣನ ಕಾಲು ನೆಲಕ್ಕೆ ಧಡ್ ಎಂದು ಬೀಳುತ್ತಿತ್ತು. ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಕಾಂಪೌಂಡರ್ ಇದ್ದರು. ಅವರೂ ಒಂಟಿ. ತಮ್ಮ ಸೂರಿನಿಂದ ಸುಣ್ಣದ ಚಕ್ಕೆ ಹಾಲಿನ ಲೋಟಕ್ಕೆ ಬಿದ್ದ ದಿನದಿಂದ ಅವರು ಪೊರಕೆಯ ಹಿಡಿಯಿಂದ ಸೂರಿಗೆ ಟಕ್ ಟಕ್ ಎಂದು ಹೊಡೆದು ಪ್ರತಿಭಟನೆ ಸಲ್ಲಿಸುತ್ತಿದ್ದರು. ಮೇಲಿನಿಂದ ಧಡ್, ಕೆಳಗಿನಿಂದ ಟಕ್ ಟಕ್. ಇದು ವರ್ಷಗಟ್ಟಲೆ ನಡೆದಿತ್ತು. ಮೆಟ್ಟಿಲ ಮೇಲೆ ಎದುರಾದರೆ ಮಾತ್ರ ಇಬ್ಬರೂ ನಲ್ಲಿ ನೀರಿನ ವಿಷಯ ಒಂದು ಮಾತಾಡಿ ಸುಮ್ಮನೆ ಹೋಗುತ್ತಿದ್ದರು.

ಬೆಳಗಿನಿಂದ ಸಂಜೆಯವರೆಗೆ ಬ್ರೇಕಣ್ಣನ ಪಕ್ಕದಲ್ಲಿ ಯಾರಾದರೊಬ್ಬರು ಕೂತೇ ಇರುತ್ತಿದ್ದರು. ಅಷ್ಟು ಜನರ ಪಕ್ಕದಲ್ಲಿ ಕೂತವನು ಆ ಊರಿನಲ್ಲೇ ಇನ್ನೊಬ್ಬನಿರಲಿಕ್ಕಿಲ್ಲ. ಆದರೆ ಅವರಲ್ಲಿ ಒಬ್ಬರೂ ಅವನ ಮುಖ ನೋಡಿದವರಲ್ಲ. ನೋಡಲು ಹೊರಟರೆ ಅವನೇ ಬಿಡುತ್ತಿರಲಿಲ್ಲ. "ಮುಂದೆ ನೋಡಿ" ಎಂಬುದು ಅವನು ಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು. ಕಲಿಯುವವರು ಭಯದಿಂದ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಲಿತ ಮೇಲೆ ತಮ್ಮದೇ ಕಾರಿನಲ್ಲಿ ಅವನನ್ನು ದಾಟಿಕೊಂಡು ಹೋಗುತ್ತಿದ್ದರು, ಅವನು ಕಲಿಸಿದ ಹಾಗೆ ಮುಂದೆ ನೋಡಿಕೊಂಡು.

ಹೀಗಿರುವಾಗ ಫಿಸಿಕ್ಸ್ ಮೇಡಂ ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ಐವತ್ತು ದಾಟಿದವರು. ಅವರನ್ನು ಊರಾಚೆಯ ಹೊಸ ಕಾಲೇಜಿಗೆ ವರ್ಗ ಮಾಡಿದ್ದರು. ಅಲ್ಲಿಗೆ ಬಸ್ಸಿಲ್ಲ. ರಜೆ ಮುಗಿಯುವುದರೊಳಗೆ ಲೈಸೆನ್ಸ್ ಪಡೆದು ಕಾರು ಓಡಿಸಿಕೊಂಡು ಹೋಗಬೇಕು, ಇಲ್ಲವಾದರೆ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಈ ಮೇಡಂಗೆ ಭಯವಿತ್ತು, ಆದರೆ ಭಯಪಟ್ಟುಕೊಂಡೇ ಮಾತಾಡುವ ಅಭ್ಯಾಸವೂ ಇತ್ತು. ಮೊದಲ ದಿನ ಕಾರು ಬಿಕ್ಕಳಿಸಿ ಬಿಕ್ಕಳಿಸಿ ಮುಂದೆ ಹೋಯಿತು. ಅವರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡೇ ಕೇಳಿದರು.

"ಇದು ಏಕರೂಪ ವೇಗೋತ್ಕರ್ಷ ಅಲ್ಲ, ಅಲ್ವಾ?"

ಬ್ರೇಕಣ್ಣ ಶಾಲೆ ಬಿಟ್ಟದ್ದು ಆ ಪಾಠ ಬರುವ ಮುಂಚೆಯೇ. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಆ ಕಾರಿನಲ್ಲಿ ಅವನನ್ನು ಯಾರೋ ಒಂದು ಪ್ರಶ್ನೆ ಕೇಳಿದ್ದರು. ಅದನ್ನು ಹಾಗೆ ಕೈಬಿಡುವುದಕ್ಕೆ ಮನಸ್ಸಾಗಲಿಲ್ಲ.

"ಅಲ್ಲವೇ ಅಲ್ಲ ಮೇಡಂ. ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ.

ಆ ರಾತ್ರಿ ಅನ್ನಕ್ಕಿಟ್ಟುಕೊಂಡು ಅವನು ಆ ಮಾತನ್ನು ಬಿಡಿಸಿ ನೋಡಿದ. ಏಕರೂಪ ಎಂದರೆ ಬದಲಾಗದ್ದು. ವೇಗ ಎಂದರೆ ವೇಗ. ಉತ್ಕರ್ಷ ಎಂಬುದು ಮದುವೆಯ ಊಟದಲ್ಲಿ ಬಾಳೆಲೆಯ ತುದಿಗೆ ಹಾಕುವ ಉಪ್ಪಿನ ಹಾಗೆ ಶೋಭೆಗೆ ಇರಬೇಕು. ಅಂದರೆ ಒಂದೇ ವೇಗದಲ್ಲಿ ಹೋಗುವುದು. ಇಷ್ಟು ಸುಲಭದ ವಿಷಯಕ್ಕೆ ಜನ ಕಾಲೇಜಿಗೇಕೆ ಹೋಗುತ್ತಾರೆಂದು ಅವನಿಗೆ ಆಶ್ಚರ್ಯವಾಯಿತು.

ಮಾರನೆಯ ದಿನದಿಂದ ಆ ಮಾತು ಅವನ ಬಾಯಲ್ಲಿ ಮನೆ ಮಾಡಿತು. ಕಾರು ಕಲಿಯಲು ಬರುತ್ತಿದ್ದ ದಿನಸಿ ಅಂಗಡಿಯವರು ಗೇರು ಬದಲಾಯಿಸಲು ಒದ್ದಾಡಿದರೆ, ನಿಮ್ಮಲ್ಲಿ ಏಕರೂಪ ಸಾಲದು ಎಂದ. ಭಾನುವಾರ ಬಂದ ಅಕ್ಕ ಸೌಟಿನಿಂದ ರಪರಪನೆ ಬಡಿಸಿದಾಗ ಬಲಗಾಲನ್ನು ಮೇಜಿನ ಕಾಲಿಗೆ ಒತ್ತಿ, ವೇಗೋತ್ಕರ್ಷ ಸರಿ ಇಟ್ಟುಕೋ ಎಂದ. ಅಕ್ಕ ಸೌಟು ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು. ಡ್ರೈವಿಂಗ್ ಸ್ಕೂಲಿನ ಮಾಲೀಕ ಮಾತ್ರ ಬೇರೆ ಥರ ಯೋಚಿಸಿದ. ಎದುರು ಸಾಲಿನಲ್ಲಿ ಹೊಸ ಡ್ರೈವಿಂಗ್ ಸ್ಕೂಲು ಬಂದು ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ವಾರದೊಳಗೆ ಬೋರ್ಡು ಬದಲಾಯಿತು: "ಇಲ್ಲಿ ಏಕರೂಪ ವೇಗೋತ್ಕರ್ಷ ಪದ್ಧತಿಯಲ್ಲಿ ಮಾತ್ರ ಕಾರು ಕಲಿಸಲಾಗುವುದು." ಅದನ್ನು ಓದಿ ಇಬ್ಬರು ಹೊಸಬರು ಸೇರಿದರು, ಮೂವರು ಹಳಬರು ಇದು ನಮ್ಮಿಂದಾಗದು ಎಂದು ಬಿಟ್ಟರು. ಜಾಹೀರಾತಿನಲ್ಲಿ ಇದೆಲ್ಲ ಇದ್ದದ್ದೇ ಎಂದು ಮಾಲೀಕ ಸಮಾಧಾನ ಮಾಡಿಕೊಂಡ.

ಬೋರ್ಡು ನೋಡಿ ನಿಜಕ್ಕೂ ಸಂತೋಷಪಟ್ಟವರು ಮೇಡಂ ಒಬ್ಬರೇ. ತಿಳಿದವರ ಪಕ್ಕದಲ್ಲಿ ಕೂತಿದ್ದೇನೆಂದು ನಂಬಿ ಅವರು ದಿನವೂ ಒಂದೊಂದು ವಿಷಯ ಹೇಳತೊಡಗಿದರು. ಮೇಲಿನಿಂದ ಬಿಟ್ಟ ಕಲ್ಲು, ಇಳಿಜಾರಿನಲ್ಲಿ ಜಾರುವ ಗೋಲಿ, ನಿಲ್ದಾಣ ಬಿಡುವ ರೈಲು. ಪಾಠದ ಗಂಟೆ ಮುಗಿದು ಎಂಜಿನ್ ಆರಿಸಿದ ಮೇಲೂ ಹೇಳುತ್ತಿದ್ದ ವಿಷಯ ಪೂರ್ತಿಯಾಗುವವರೆಗೆ ಕಾರಿನಲ್ಲೇ ಕೂತಿರುತ್ತಿದ್ದರು. ಬ್ರೇಕಣ್ಣ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ.

"ಮನೇಲಿ ಹೇಳೋಣ ಅಂದ್ರೆ ಯಾರೂ ಇಲ್ಲ. ಕ್ಲಾಸಲ್ಲಿ ಹೇಳಿದ್ರೆ ನಿದ್ದೆ ಮಾಡ್ತಾರೆ. ನೀವೊಬ್ರೇ ಕೇಳೋದು," ಎಂದು ಒಂದು ದಿನ ಮೇಡಂ ಹೇಳಿದರು.

ಆ ಹೊತ್ತಿನಲ್ಲಿ ಬ್ರೇಕಣ್ಣನಿಗೆ ಸಂತೋಷವಾಗುತ್ತಿತ್ತು. ಅದನ್ನು ಸುತ್ತಿಬಳಸಿ ಹೇಳಬೇಕಾದ್ದಿಲ್ಲ, ಸಂತೋಷವಾಗುತ್ತಿತ್ತು ಅಷ್ಟೆ. ದಿನಾ ಗಡ್ಡ ಬೋಳಿಸಿಕೊಳ್ಳತೊಡಗಿದ. ಅಂಗಿಯ ಕಾಲರಿಗೆ ಇಸ್ತ್ರಿ ಬಂತು. ಮೇಡಂ ಬರುವ ಗಂಟೆಗೆ ಮುಂಚೆ ಕಾರಿನ ಕಾಲೊರಸನ್ನು ಅವನೇ ಕೊಡವಿ ಹಾಕುತ್ತಿದ್ದ.

ತೊಂದರೆ ಒಂದೇ. ಮೇಡಂ ಎಷ್ಟು ಕಲಿತರೂ ಕಾರಿಗೆ ವೇಗ ಬರುತ್ತಿರಲಿಲ್ಲ. ಕ್ಲಚ್ಚು ಸರಿಯಾಗಿ ಬಿಡುತ್ತಿದ್ದರು, ಗೇರು ಸರಿಯಾಗಿ ಹಾಕುತ್ತಿದ್ದರು, ಆಕ್ಸಿಲರೇಟರನ್ನು ಮೆತ್ತಗೆ ಒತ್ತುತ್ತಿದ್ದರು. ಕಾರು ಹುಮ್ಮಸ್ಸಿನಿಂದ ಹೊರಟು, ನಾಲ್ಕು ಮಾರು ಹೋಗುವಷ್ಟರಲ್ಲಿ ಏನೋ ನೆನಪಾದ ಹಾಗೆ ಹಿಂಜರಿದು, ನರಳಿ, ತೆವಳುತ್ತಿತ್ತು. ಹಾಲು ಮಾರುವವನು ಸೈಕಲ್ಲಿನಲ್ಲಿ ಅವರನ್ನು ದಾಟಿ ಹೋಗುತ್ತಿದ್ದ. ಕೆಲವು ದಿನ ಸೈಕಲ್ ತಳ್ಳಿಕೊಂಡೂ ದಾಟಿದ್ದುಂಟು.

ಪರೀಕ್ಷೆಯ ದಿನ ಬಂತು. ಡ್ರೈವಿಂಗ್ ಸ್ಕೂಲಿನ ಕಾರಾದರೆ ಎರಡನೆಯ ಬ್ರೇಕಿನ ಬಳಿ ಅದರ ಮೇಷ್ಟ್ರೇ ಕೂರಬೇಕು, ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರು ಹಿಂದೆ ಕೂತು ನೋಡಬೇಕು ಎಂಬುದು ಅಲ್ಲಿಯ ನಿಯಮ. ಇನ್ಸ್‌ಪೆಕ್ಟರು ಜೀವಭಯ ಮತ್ತು ಸರ್ಕಾರಿ ಸಂಬಳ ಎರಡನ್ನೂ ಸಮವಾಗಿ ಅನುಭವಿಸುತ್ತಿದ್ದ ಮನುಷ್ಯ. ಹತ್ತುವ ಮುಂಚೆ ಕಾರಿನ ಬಾಗಿಲ ಮೇಲೆ ಬರೆಸಿದ್ದನ್ನು ಓದಿ ಹುಬ್ಬು ಮೇಲೇರಿಸಿದರು.

"ಏನ್ರೀ ಇದು ಏಕರೂಪ ವೇಗೋತ್ಕರ್ಷ?"

"ನಮ್ಮ ಪದ್ಧತಿ ಸಾರ್. ಮೊದಲಿಂದ ಕೊನೇವರೆಗೆ ಒಂದೇ ವೇಗ. ಹೆಚ್ಚಿಲ್ಲ, ಕಮ್ಮಿ ಇಲ್ಲ."

ಇನ್ಸ್‌ಪೆಕ್ಟರು ಎಂಜಿನಿಯರಿಂಗ್ ಓದಿದವರು. ಅದು ಏಕರೂಪ ವೇಗ ಕಣ್ರೀ, ವೇಗೋತ್ಕರ್ಷ ಅಂದರೆ ವೇಗ ಏರುತ್ತಲೇ ಹೋಗೋದು, ನೀವು ಹಾಗೆ ಕಲಿಸೋದಾದರೆ ನಾನು ಈಗಲೇ ಇಳೀತೀನಿ ಎಂದರು. ಮೇಡಂಗೆ ಕನ್ನಡಿಯಲ್ಲಿ ಒಂದು ಸಲ ಬ್ರೇಕಣ್ಣನ ಮುಖ ಕಂಡಿತು, ಮುಖ ಹುಳ್ಳಗಾಗಿತ್ತು. ತಾವು ಇಷ್ಟು ದಿನ ಹೇಳಿದ ಕಲ್ಲು, ಗೋಲಿ, ರೈಲು ಎಲ್ಲವೂ ಎಲ್ಲಿಗೆ ಹೋದವೆಂದು ಅವರಿಗೆ ಆಗ ಗೊತ್ತಾಯಿತು. ಕಾರು ಹೊರಟಿತು, ಹಿಂಜರಿಯಿತು, ನರಳಿತು. ಇನ್ಸ್‌ಪೆಕ್ಟರು ಷರಾ ಬರೆದರು: "ವಾಹನಕ್ಕೆ ಮುಂದೆ ಹೋಗುವ ಮನಸ್ಸಿಲ್ಲ. ನಪಾಸು."

ಮಾಲೀಕನಿಗೆ ಮಾನದ ಪ್ರಶ್ನೆಯಾಯಿತು. ಎದುರು ಸಾಲಿನವರು ಆಗಲೇ, ಆ ಸ್ಕೂಲಿನ ಕಾರು ವಿಜ್ಞಾನ ಓದಿ ಕೆಟ್ಟಿತು ಎಂದು ಸುದ್ದಿ ಹಬ್ಬಿಸಿದ್ದರು. ಮಾಲೀಕ ಮೆಕ್ಯಾನಿಕ್ಕನ್ನು ಕರೆಸಿದ. ಅವನು ಕಾರ್ಬುರೇಟರ್ ಬಿಚ್ಚಿದ, ಚಕ್ರ ಬಿಚ್ಚಿದ, ಬಿಚ್ಚಲು ಇನ್ನೇನೂ ಉಳಿಯದಿದ್ದಾಗ ಎಲ್ಲವನ್ನೂ ಮತ್ತೆ ಜೋಡಿಸಿ, ಒಬ್ಬನೇ ಕೂತು ರಸ್ತೆಯ ಆ ತುದಿಗೆ ಹೋಗಿಬಂದ. ಕಾರು ಬಾಣದ ಹಾಗೆ ಹೋಯಿತು. ಕೈ ಒರೆಸಿಕೊಳ್ಳುತ್ತಾ, ಗಾಡಿ ಸರಿ ಇದೆ, ಓಡಿಸೋರು ಸರಿ ಇಲ್ಲ ಎಂದು ತೀರ್ಪು ಕೊಟ್ಟ. ಮೇಡಂ ಅಲ್ಲೇ ಗೇಟಿನ ಬಳಿ ನಿಂತಿದ್ದರು.

ಅವರು ಸಿಟ್ಟು ಮಾಡಿದ್ದರೆ ಬ್ರೇಕಣ್ಣನಿಗೆ ಸಮಾಧಾನವಾಗುತ್ತಿತ್ತು. ಅವರು ಸಿಟ್ಟು ಮಾಡಲಿಲ್ಲ. "ನಿಜ ಇರಬೇಕು. ಈ ವಯಸ್ಸಲ್ಲಿ ಇದೆಲ್ಲ ಬರೋದಿಲ್ಲ. ಕೆಲಸ ಬಿಡ್ತೀನಿ ಅಂತ ನಾಳೆ ಬರೆದು ಕೊಟ್ಬಿಡ್ತೀನಿ," ಎಂದರು. ಆಮೇಲೆ, "ಅದಕ್ಕೆ ಮುಂಚೆ ಒಂದು ಪಾಠ ಬಾಕಿ ಇದೆ. ನನಗಲ್ಲ, ನಿಮಗೆ. ಬನ್ನಿ ಕೂತ್ಕೊಳ್ಳಿ," ಎಂದರು. ತಪ್ಪು ತಿಳಿದುಕೊಂಡ ಒಬ್ಬ ಮನುಷ್ಯನನ್ನು ಹಾಗೇ ಬಿಟ್ಟು ಕೆಲಸದಿಂದ ಹೋಗುವುದು ಅವರಿಂದಾಗುತ್ತಿರಲಿಲ್ಲ.

ಕಾರಿನೊಳಗೆ ಕೂತು ತಮ್ಮ ಮನೆಯ ಬೀಗದ ಕೈಗೊಂಚಲಿಗೆ ದಾರ ಕಟ್ಟಿ ಮುಂದಿನ ಕನ್ನಡಿಯಿಂದ ಇಳಿಬಿಟ್ಟರು. ನಿಂತ ಕಾರಿನಲ್ಲಿ ಕೈಗೊಂಚಲು ನೆಟ್ಟಗೆ ನೇತಾಡಿತು. "ಒಂದೇ ವೇಗದಲ್ಲಿ ಹೋಗ್ತಿದ್ರೂ ಹೀಗೇ ನೆಟ್ಟಗಿರುತ್ತೆ. ಕಣ್ಣು ಮುಚ್ಚಿದ್ರೆ ನಿಂತಿದ್ದೀವೋ ಹೋಗ್ತಿದ್ದೀವೋ ಗೊತ್ತಾಗಲ್ಲ. ಅದು ನಿಮ್ಮ ಏಕರೂಪ ವೇಗ. ಪ್ರತಿ ಕ್ಷಣ ವೇಗಕ್ಕೆ ಅಷ್ಟಷ್ಟೇ ಸೇರ್ತಾ ಹೋದ್ರೆ ಮಾತ್ರ ಇದು ನಮ್ಮ ಕಡೆ ವಾಲುತ್ತೆ. ವಾಲಿ ಹಾಗೇ ನಿಲ್ಲುತ್ತೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಆವಾಗ ಸೀಟು ನಮ್ಮ ಬೆನ್ನನ್ನ ಒತ್ತೋದು ಗೊತ್ತಾಗುತ್ತೆ. ಅದು ಏಕರೂಪ ವೇಗೋತ್ಕರ್ಷ."

ಕಣ್ಣು ಮುಚ್ಚಿದರೆ ನಿಂತಿದ್ದೇವೋ ಹೋಗುತ್ತಿದ್ದೇವೋ ಗೊತ್ತಾಗುವುದಿಲ್ಲ ಎಂಬ ಮಾತು ಬ್ರೇಕಣ್ಣನಿಗೆ ಚೆನ್ನಾಗಿ ಅರ್ಥವಾಯಿತು. ಆ ಥರ ಅವನು ಬಹಳ ವರ್ಷ ಹೋಗಿದ್ದ.

ಮೇಡಂ ಕಾರು ಬಿಟ್ಟರು. ಕೈಗೊಂಚಲು ಅವರ ಕಡೆ ವಾಲಿತು. ನೋಡಿ, ನೋಡಿ ಎನ್ನುವಷ್ಟರಲ್ಲಿ ಅದು ಸರ್ರನೆ ಮುಂದಕ್ಕೆ ಹಾರಿ ಗಾಜಿಗೆ ಬಡಿಯಿತು. ಮತ್ತೆ ಬಿಟ್ಟರು. ಮತ್ತೆ ಗಾಜಿಗೆ ಬಡಿಯಿತು. ಮೇಡಂ ತಮ್ಮ ಕಾಲು ನೋಡಿಕೊಂಡರು. ಅದು ಆಕ್ಸಿಲರೇಟರ್ ಮೇಲೆ ಇಟ್ಟ ಹಾಗೇ ಇತ್ತು.

"ಇದು ಮುಂದಕ್ಕೆ ಹೋಗ್ಬೇಕಾದ್ರೆ ಯಾರೋ ಬ್ರೇಕ್ ಹಾಕ್ಬೇಕು," ಎಂದರು, ತಮಗೇ ಹೇಳಿಕೊಂಡ ಹಾಗೆ.

ಬ್ರೇಕಣ್ಣನೂ ಅದನ್ನೇ ಯೋಚಿಸುತ್ತಿದ್ದ, ಯಾರಿರಬಹುದು ಎಂದು. ಹಾಗೇ ಕೆಳಗೆ ನೋಡಿದ. ಅವನ ಬಲಗಾಲು ಎರಡನೆಯ ಬ್ರೇಕಿನ ಮೇಲೆ ಗಟ್ಟಿಯಾಗಿ ಕೂತಿತ್ತು. ದಿನಸಿ ಅಂಗಡಿಯವರು ಗೋಡೆಗೆ ಗುದ್ದಲು ಹೋದಾಗ ಒತ್ತುವ ಕಾಲು ಇದು, ಕಾರಿನಲ್ಲಿ ಅಪಾಯವಿಲ್ಲದೆ ಎಂದೂ ಒತ್ತಿದ್ದಲ್ಲ. ಖಾಲಿ ರಸ್ತೆಯಲ್ಲಿ ಈ ಮೇಡಂಗೆ ಏಕೆ ಒತ್ತುತ್ತಿದೆ? ಕಾರಣ ಕಾಲಿಗೆ ಮೊದಲೇ ಗೊತ್ತಿತ್ತು, ಅವನಿಗೆ ಈಗ ಗೊತ್ತಾಯಿತು. ಕಾರಿಗೆ ವೇಗ ಬಂದರೆ ಲೈಸೆನ್ಸ್ ಬರುತ್ತದೆ, ಲೈಸೆನ್ಸ್ ಬಂದರೆ ಮೇಡಂ ಹೋಗುತ್ತಾರೆ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂ ಕೆಲಸ ಬಿಟ್ಟು ಊರಿನಲ್ಲೇ ಇರುತ್ತಿದ್ದರು. ಪಾಠ ಮುಂದುವರಿಯಲೂಬಹುದಿತ್ತು. ಬ್ರೇಕಣ್ಣ ಗಾಜಿಗೆ ಬಡಿದು ಇನ್ನೂ ಓಲಾಡುತ್ತಿದ್ದ ಕೈಗೊಂಚಲನ್ನು ನೋಡಿದ.

"ಮೇಡಂ, ಕಾಲು ನನ್ನದು," ಎಂದ.

"ಎಲ್ರಿಗೂ ಹೀಗೇ ಮಾಡ್ತೀರಾ?"

"ಇಲ್ಲ ಮೇಡಂ. ನಿಮಗೆ ಮಾತ್ರ. ಬೇಕು ಅಂತ ಮಾಡಿದ್ದಲ್ಲ."

ಮೇಡಂ ಎಂಜಿನ್ ಆರಿಸದೆ, ಸ್ಟೇರಿಂಗ್ ಬಿಡದೆ, ಕತ್ತು ತಿರುಗಿಸಿ ಅವನ ಮುಖವನ್ನು ನೋಡಿದರು. ಹಾಗೆ ಆ ಸೀಟಿನಿಂದ ಯಾರೂ ನೋಡಿರಲಿಲ್ಲ. ಬ್ರೇಕಣ್ಣ ಕಕ್ಕಾಬಿಕ್ಕಿಯಾದ. ಬಾಯಿಗೆ ರೂಢಿಯಾದದ್ದನ್ನೇ ಹೇಳಿಬಿಟ್ಟ.

"ಮುಂದೆ ನೋಡಿ ಮೇಡಂ."

ಅವರು ಮುಂದೆ ನೋಡಿದರು. ಮುಂದೆ ನೋಡಿಕೊಂಡೇ, "ಕಾಲು ಮಡಚಿಕೊಂಡು ಕೂತ್ಕೊಳ್ಳಿ," ಎಂದರು.

ಅಂದಿನಿಂದ ಆ ರಸ್ತೆಯ ಜನ ಒಂದು ಹೊಸ ದೃಶ್ಯ ಕಂಡರು. ಕಾರಿನ ಸೀಟಿನ ಮೇಲೆ ಬ್ರೇಕಣ್ಣ ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಎಡತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಎರಡೂ ಕೈಯಿಟ್ಟು, ಊಟಕ್ಕೆ ಕೂತವನ ಹಾಗೆ ಹೋಗುತ್ತಿದ್ದ. ಮಾಲೀಕ ಇದೂ ಪದ್ಧತಿಯ ಭಾಗವೇ ಎಂದು ಕೇಳಿ, ಬೋರ್ಡಿನಲ್ಲಿ ಜಾಗ ಉಳಿದಿದೆಯೇ ಎಂದು ನೋಡಿಬಂದ. ಎದುರು ಸಾಲಿನವರು ಅವನು ಸನ್ಯಾಸ ತಗೊಂಡ ಎಂದರು. ಅಕ್ಕ ಕಾಲಿನ ನರ ಹೋಯಿತೆಂದು ಕೇಳಿ ಎಣ್ಣೆ ಕಾಯಿಸಿಕೊಂಡು ಬಂದಳು, ಮದುವೆ ಮಾಡಿಕೋ ಎಂದು ಆಗಲೇ ಬಡಿದುಕೊಂಡೆ ಎನ್ನುತ್ತಾ ಮೀನಖಂಡ ತಿಕ್ಕಿದಳು. ಕಾಲು ಅವನ ತೊಡೆಯ ಕೆಳಗೆ ಹಿಡಿದ ಮೀನಿನ ಹಾಗೆ ಒದ್ದಾಡುತ್ತಿತ್ತು. ಅವನು ಬಿಡಲಿಲ್ಲ. ಮೇಡಂ ಕಾರು ಬಿಟ್ಟರು, ಕೈಗೊಂಚಲು ಅವರ ಕಡೆ ವಾಲಿತು, ವಾಲಿ ಹಾಗೇ ನಿಂತಿತು. ಬ್ರೇಕಣ್ಣನ ಬೆನ್ನನ್ನು ಸೀಟು ಮೆತ್ತಗೆ ಒತ್ತಿತು. ಅವನು ಏನನ್ನೂ ಕೇಳಲಿಲ್ಲ, ಮೇಡಂ ಏನನ್ನೂ ವಿವರಿಸಲಿಲ್ಲ.

ಎರಡನೆಯ ಪರೀಕ್ಷೆಗೆ ಇನ್ಸ್‌ಪೆಕ್ಟರು ಹಿಂದಿನ ಬಾಗಿಲು ತೆರೆದರು. ಬ್ರೇಕಣ್ಣ ಅಡ್ಡ ಬಂದು, ತಾನು ಕಾರಿನಲ್ಲಿ ಕೂರುವುದಿಲ್ಲ, ತಾವೇ ಮುಂದೆ ಕೂರಬೇಕು ಎಂದ. ಇನ್ಸ್‌ಪೆಕ್ಟರು ನಿಯಮ ಹೇಳಿದರು. ತಮಗೆ ಹೆಂಡತಿ ಮಕ್ಕಳಿರುವುದನ್ನೂ ಹೇಳಿದರು.

"ಬ್ರೇಕು ನಿಮ್ಮ ಕಾಲ ಕೆಳಗೇ ಇರುತ್ತೆ ಸಾರ್," ಎಂದ ಬ್ರೇಕಣ್ಣ. "ನನ್ನ ಕಾಲನ್ನ ನಂಬೋ ಹಾಗಿಲ್ಲ. ಅದು ಅವರನ್ನ ಹೋಗೋಕೆ ಬಿಡಲ್ಲ."

ಇನ್ಸ್‌ಪೆಕ್ಟರು ಅವನ ಮುಖ ನೋಡಿದರು, ಮುಂದೆ ಬಂದು ಕೂತರು. ಇಪ್ಪತ್ತು ವರ್ಷಗಳಲ್ಲಿ ಕಲಿಯುವವರೊಬ್ಬರು ತನ್ನ ಕಾರನ್ನು ತಾನಿಲ್ಲದೆ ಹೊರಡಿಸುವುದನ್ನು ಬ್ರೇಕಣ್ಣ ಮೊದಲ ಸಲ ಹೊರಗೆ ನಿಂತು ನೋಡಿದ. ಮೊದಮೊದಲು ಅದು ಅವನ ಬಳಿಯೇ ಇತ್ತು. ಒಂದು ಉಸಿರಿನಲ್ಲಿ ಒಂದು ದೀಪದ ಕಂಬದವರೆಗೆ ಹೋಯಿತು. ಮುಂದಿನ ಉಸಿರಿನಲ್ಲಿ ಮೂರು ಕಂಬ ದಾಟಿತು. ಅದರ ಮುಂದಿನದರಲ್ಲಿ ಐದು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಹೆಚ್ಚು ದೂರ, ಒಂದಿಷ್ಟೂ ತಡವರಿಸದೆ, ಒಂದೇ ಲೆಕ್ಕದಲ್ಲಿ. ಕಲ್ಲು, ಗೋಲಿ, ರೈಲು ಎಲ್ಲವೂ ಆಗ ಅವನಿಗೆ ಒಟ್ಟಿಗೆ ಅರ್ಥವಾದವು. ಕಾರಿನೊಳಗಿದ್ದು ಕೈಗೊಂಚಲು ನೋಡಿ ಕಲಿತದ್ದು ಅರ್ಧ, ಹಿಂದೆ ಉಳಿದವನು ಕಾಣುವುದು ಇನ್ನರ್ಧ. ಬಲಗಾಲು ಮಣ್ಣನ್ನು ಬಲವಾಗಿ ಒತ್ತಿತು. ಕಾರು ನಿಲ್ಲಲಿಲ್ಲ.

ಮೇಡಂ ಪಾಸಾದರು. ಕೈ ಮುಗಿದು, ರಜೆಯಿದ್ದಾಗ ಬಂದು ನೋಡುತ್ತೇನೆ ಎಂದು ಹೇಳಿ ಹೋದರು. ಮುಂದಿನ ವಾರ ಬ್ರೇಕಣ್ಣ ದಿನಸಿ ಅಂಗಡಿಯವರಿಗೆ ಪಾಠ ಹೇಳುತ್ತಿದ್ದಾಗ ಮೇಡಂ ಅವರ ಹೊಸ ಕಾರು ಪಕ್ಕದಲ್ಲೇ ದಾಟಿಹೋಯಿತು. ಒಳಗೆ ಕನ್ನಡಿಯಿಂದ ಕೈಗೊಂಚಲು ವಾಲಿ ನಿಂತಿತ್ತು. ಮೇಡಂ ಮುಂದೆ ನೋಡಿಕೊಂಡು ಹೋದರು. ಬ್ರೇಕಣ್ಣನಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಸಂಕಟವಾಯಿತು.

ಅಂದು ಸಂಜೆ ಅವನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತ. ಆ ವಾರವೆಲ್ಲ ಹಾಗೇ ಕೂರುತ್ತಿದ್ದ. ತಿರುವಿನಲ್ಲಿ ಮೋಟಾರ್ ಸೈಕಲ್ಲುಗಳು ಬಂದವು, ಹೋದವು. ಯಾವುದನ್ನು ನಿಲ್ಲಿಸಿ ಏನಾಗಬೇಕು ಎನಿಸುತ್ತಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಹಾಲಿನವನಿರಬೇಕೆಂದು ತೆರೆದರೆ ಕೆಳಗಿನ ಮನೆಯ ಕಾಂಪೌಂಡರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದರು.

"ಏನಿಲ್ಲ," ಎಂದರು. "ಒಂದು ವಾರದಿಂದ ಮೇಲಿಂದ ಸದ್ದೇ ಇಲ್ಲ. ಇದ್ದೀರೋ ಇಲ್ವೋ ಅಂತ ನೋಡೋಕೆ ಬಂದೆ."

"ಇದ್ದೀನಿ," ಎಂದ ಬ್ರೇಕಣ್ಣ.

"ಕಾಲು ಹುಷಾರಾಗಿದೆ ತಾನೇ?"

"ಹುಷಾರಾಗಿದೆ."

"ಸರಿ ಹಾಗಾದ್ರೆ," ಎಂದು ಅವರು ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದು ಹೋದರು. ಒಳಗೆ ಬನ್ನಿ ಎನ್ನಬೇಕಾಗಿತ್ತು ಎಂಬುದು ಬ್ರೇಕಣ್ಣನಿಗೆ ಹೊಳೆದದ್ದು ಅವರು ಕೊನೆಯ ಮೆಟ್ಟಿಲು ತಲುಪಿದ ಮೇಲೆ. ಅವನು ಬಾಗಿಲು ಹಾಕಿ ಕುರ್ಚಿಯಲ್ಲಿ ಕೂತ. ಕೆಳಗೆ ಅವರು ತಮ್ಮ ಜಾಗಕ್ಕೆ ಹೋಗಿ ಕೂರುವಷ್ಟು ಹೊತ್ತು ಕಾದ. ಆಮೇಲೆ ಮಡಚಿದ ಬಲಗಾಲನ್ನು ಬಿಡಿಸಿ, ಎತ್ತಿ, ನೆಲಕ್ಕೆ ಒಂದು ಸಲ ಧಡ್ ಎಂದು ಒತ್ತಿದ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನಿಂದ ಪೊರಕೆಯ ಹಿಡಿ ಟಕ್ ಟಕ್ ಎಂದಿತು.